ಸೋಮೇಶ್ವರದಿಂದ ಗಂಗಾವಳಿ ಅಳಿವೆವರೆಗೆ ನಡೆದು ಹೋಗಬೇಕು, ದಾರಿ ಹೇಳ್ತೀರಾ?

ರೊಟ್ಟಿ ಅಕ್ಕ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಮ್ಮ ಧಾರವಾಡದ ಸೋಮೇಶ್ವರ ಗುಡಿ ಹತ್ತಿರ ಹುಟ್ಟುವ ಶಾಲ್ಮಲಾ ಹೊಳೆ ಕಲಘಟಗಿ ಕಡೆ ಹೋಗಿ ಬೇಡ್ತಿ ಸೇರುತ್ತದೆ. ಅಲ್ಲಿಂದ ಯಲ್ಲಾಪುರದ ಕಾಡು ದಾಟಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಅನ್ನಿಸಿಕೊಂಡು ಗೋಕರ್ಣದ ಪಕ್ಕ ಸಮುದ್ರ ಸೇರುತ್ತದೆ. ಈ ನೀರಿನ ಜೊತೆ ಕಡೆತನಕ ನಡೆಯಬೇಕು ಅಂತ ನನಗೆ ಬಹಳ ದಿನದ ಆಸೆ. ಹೊಳೆ ಒಟ್ಟು 150 ಕಿ.ಮೀ. ಚಿಲ್ಲರೆ ಉದ್ದ ಇದೆ. ರಸ್ತೆ, ಕಾಲುದಾರಿ ಸುತ್ತಿಕೊಂಡು ಹೋದರೆ ಇನ್ನೂ ಜಾಸ್ತಿ ಆಗುತ್ತದೆ, ಗೊತ್ತು.

ನನ್ನ ಬಗ್ಗೆ ಹೇಳಿಬಿಡುತ್ತೇನೆ, ಸಲಹೆ ಕೊಡೋರಿಗೆ ಅನುಕೂಲ. ನಾನು ರೊಟ್ಟಿ ಕೇಂದ್ರ ನಡೆಸುತ್ತೇನೆ. ದಿನಾ ನಸುಕಿನಲ್ಲಿ ಒಲೆ ಮುಂದೆ ಕೂತರೆ ಮಧ್ಯಾಹ್ನದ ತನಕ ಏಳೋದಿಲ್ಲ. ಸಂಜೆ ಕೆಲಗೇರಿ ಕೆರೆ ಕಡೆ ನಡೆದು ಬರುವ ರೂಢಿ ಇದೆ. ಕಾಲು ಗಟ್ಟಿ ಇವೆ. ಆದರೆ ಬೆನ್ನ ಮೇಲೆ ಚೀಲ ಹೊತ್ತು ದಿನಗಟ್ಟಲೆ ನಡೆದಿಲ್ಲ. ಜೊತೆಗೆ ಬಿ.ಎಸ್‌ಸಿ. ಓದುವ ಮಗಳು, ಮತ್ತೆ ನನ್ನ ತಮ್ಮ. ತಮ್ಮ ಶಿಗ್ಗಾಂವಿ ಕಡೆ ಲೈನ್‌ಮನ್. ಹೊಲ, ಗುಡ್ಡ, ಮಳೆ ಅವನಿಗೆ ಹೊಸದಲ್ಲ.

ಬಿಡುವು ಸಿಗೋದು ದೀಪಾವಳಿ ಮುಗಿದ ಮೇಲೆ, ಎಳ್ಳ ಅಮಾವಾಸ್ಯೆಗಿಂತ ಮುಂಚೆ. ಎಳ್ಳ ಅಮಾವಾಸ್ಯೆಗೆ ಸಜ್ಜಿ ರೊಟ್ಟಿ, ಜೋಳದ ರೊಟ್ಟಿ ಆರ್ಡರು ರಾಶಿ ಬರುತ್ತವೆ. ಆಗ ಕೇಂದ್ರ ಮುಚ್ಚಿದರೆ ನನ್ನ ಜೊತೆ ಕೆಲಸ ಮಾಡುವ ಹೆಣ್ಣುಮಕ್ಕಳ ದುಡಿಮೆಗೆ ಪೆಟ್ಟು. ಹಾಗಾಗಿ ತಾರೀಖು ಹಿಂದೆ ಮುಂದೆ ಮಾಡೋಕೆ ಆಗೋದಿಲ್ಲ.

ತಮ್ಮನ ಮಾತು ಬೇರೆ. ಬೇಡ್ತಿ ಬಿಡು, ಹಳಿಯಾಳ ದಾಂಡೇಲಿ ಮೇಲೆ ಕಾಳಿ ಹೊಳೆ ಹಿಡಿದು ಕಾರವಾರಕ್ಕೆ ಇಳಿಯೋಣ, ಕಾಡು ಅಂದ್ರೆ ಅದು ಅನ್ನುತ್ತಾನೆ. ಯಾವುದು ಸರಿ? ಹೊಳೆ ದಂಡೆಯಲ್ಲೇ ನಡೆಯೋಕೆ ಬರುತ್ತದಾ, ಎಲ್ಲಿ ಬಿಟ್ಟು ಸರಿಯಬೇಕು? ಅರಣ್ಯ ಇಲಾಖೆಯಲ್ಲಿ ಯಾರನ್ನು ಕೇಳಬೇಕು? ರಾತ್ರಿ ಎಲ್ಲಿ ಉಳಿಯೋದು? ಮಗಳು ಜೊತೆಗಿರುವುದರಿಂದ ಇದು ನನಗೆ ದೊಡ್ಡ ಪ್ರಶ್ನೆ. ಇನ್ನು ಬಸ್ಸು ಹತ್ತಬಾರದು ಅಂತ ಮನಸ್ಸಿದೆ. ಪೂರಾ ಕಾಲ್ನಡಿಗೆ ಆಗಬೇಕು.

ಬುತ್ತಿ ಚಿಂತೆ ಇಲ್ಲ. ಕಟಕ ರೊಟ್ಟಿ ಗಾಳಿ ಆಡದಂತೆ ಕಟ್ಟಿದರೆ ತಿಂಗಳು ಕೆಡೋದಿಲ್ಲ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಬೆಲ್ಲ ಇರುತ್ತವೆ. ಆದರೆ ಘಟ್ಟ ಇಳಿದ ಮೇಲೆ ಹವಾ ಹಸಿ. ಅಲ್ಲಿ ರೊಟ್ಟಿ ಮೆತ್ತಗಾಗುತ್ತದೆ ಅನ್ನೋದೊಂದು ಅನುಮಾನ.

ಮಂಚಿಕೇರಿ ಮಾಣಿ (ಈಗ ಹುಬ್ಬಳ್ಳಿ)

ಅಕ್ಕಾ, ಓದಿ ಖುಷಿಯಾಯಿತು. ನಮ್ಮ ತೋಟದಿಂದ ಬೇಡ್ತಿ ಹತ್ತಿರ. ಆ ಹೊಳೆ ನಿಮ್ಮ ಧಾರವಾಡದಿಂದ ಬರುತ್ತದೆ ಅಂತ ಚಿಕ್ಕವನಿದ್ದಾಗ ಅಪ್ಪ ಹೇಳಿದರೆ ನಂಬಿರಲಿಲ್ಲ. ಗೊತ್ತಿರುವಷ್ಟು ಬರೆಯುತ್ತೇನೆ.

ಮೊದಲು ಕಾಳಿ ವಿಷಯ. ನಿಮ್ಮ ತಮ್ಮನಿಗೆ ಹೇಳಿ, ಅದು ಬೇಡ. ದಾಂಡೇಲಿ ಅಭಯಾರಣ್ಯ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ 2007ರಲ್ಲಿ ಹುಲಿ ಮೀಸಲು ಪ್ರದೇಶವಾಗಿವೆ. 2015ರಿಂದ ಅದಕ್ಕೆ ಕಾಳಿ ಅಂತಲೇ ಹೆಸರು. ಅದರೊಳಗೆ ನಿಮ್ಮ ಪಾಡಿಗೆ ನೀವು ನಡೆದು ಹೋಗೋಕೆ ಬಿಡೋದಿಲ್ಲ, ಬಿಡಲೂಬಾರದು. ದಾಂಡೇಲಿ ಹತ್ತಿರ ಹೊಳೆಯಲ್ಲಿ ಮೊಸಳೆ ಇವೆ. ಸೂಪಾ ಅಣೆಕಟ್ಟಿನಿಂದ ವಿದ್ಯುತ್ತಿಗೆ ನೀರು ಬಿಟ್ಟಾಗ ಕೆಳಗೆ ಮಟ್ಟ ಏಕಾಏಕಿ ಏರುತ್ತದೆ, ಮೇಲೆ ಒಂದು ಮೋಡ ಇಲ್ಲದಿದ್ದರೂ. ಕೆಳಗೆ ಕೊಡಸಳ್ಳಿ, ಕದ್ರಾ ಅಣೆಕಟ್ಟು, ಕೈಗಾ ಅಣು ಸ್ಥಾವರ. ದಂಡೆ ಹಿಡಿದು ನಡೆಯುವ ಹೊಳೆ ಅದಲ್ಲ. ಬೇಡ್ತಿಗೆ ದೊಡ್ಡ ಅಣೆಕಟ್ಟು ಇಲ್ಲ. 1980ರ ಆಸುಪಾಸಿನಲ್ಲಿ ಇಲ್ಲಿ ಜಲವಿದ್ಯುತ್ ಯೋಜನೆ ಬರಬೇಕಿತ್ತು. ಊರವರು ಒಟ್ಟಾಗಿ ವಿರೋಧಿಸಿದರು, ಯೋಜನೆ ನಿಂತಿತು. ಇವತ್ತು ನೀವು ಈ ಹೊಳೆ ಜೊತೆ ನಡೆಯುವ ಯೋಚನೆ ಮಾಡುವಂತಾಗಿದ್ದು ಅದರಿಂದಲೇ.

ಸೋಮೇಶ್ವರದಿಂದ ಕಲಘಟಗಿ 30 ಕಿ.ಮೀ. ದಾಟುತ್ತದೆ. ಅದನ್ನು ಎರಡು ದಿನ ಮಾಡಿ. ಹೊಲದ ಬದು, ಹಳ್ಳಿ ರಸ್ತೆಯಲ್ಲಿ ನಡೆಯಬಹುದು. ಹೊಳೆ ಅಲ್ಲಿ ಸಣ್ಣದು. ಊರುಗಳ ಕೊಳೆ ಸೇರಿದ ನೀರು, ಕುಡಿಯೋಕೆ ಮುಟ್ಟಬೇಡಿ. ಕಲಘಟಗಿ ದಾಟಿದ ಮೇಲೆ ಕಾಡು ಸುರು. ಯಲ್ಲಾಪುರದ ತನಕ ಹೆದ್ದಾರಿಯಲ್ಲೇ 40 ಕಿ.ಮೀ. ಮೇಲಾಗುತ್ತದೆ, ನಡುವೆ ಕಿರವತ್ತಿ ಸಿಗುತ್ತದೆ. ಸಿದ್ದಿಯರ ಕೇರಿ, ಗೌಳಿಗರ ದೊಡ್ಡಿ ಎಲ್ಲಾ ಇರುವ ಸೀಮೆ. ಒಂದು ಎಚ್ಚರಿಕೆ. ನೀವು ಹೊರಡುವುದು ಭತ್ತ ಕೊಯ್ಲಿನ ಹೊತ್ತು. ಆಗ ದಾಂಡೇಲಿ ಕಡೆಯ ಆನೆಗಳು ಕಿರವತ್ತಿ, ಮುಂಡಗೋಡ, ಕಲಘಟಗಿ ಗದ್ದೆಗಳಿಗೆ ಬರುತ್ತವೆ. ಆ ಭಾಗದಲ್ಲಿ ಬೆಳಿಗ್ಗೆ ಬಿಸಿಲು ಬಿದ್ದ ಮೇಲೇ ಹೊರಡಿ, ನಾಲ್ಕು ಗಂಟೆಯೊಳಗೆ ಊರು ಸೇರಿಕೊಳ್ಳಿ. ಆನೆ ಎಲ್ಲಿದೆ ಅನ್ನೋದು ಫಾರೆಸ್ಟ್ ವಾಚರಿಗೆ ಗೊತ್ತಿರುತ್ತದೆ. ಅವರನ್ನು ಕೇಳದೆ ಒಳದಾರಿ ಹಿಡಿಯಬೇಡಿ.

ಯಲ್ಲಾಪುರದಿಂದ ಮಾಗೋಡಿಗೆ ಹೋಗುವ ದಾರಿ ಇಡೀ ನಡಿಗೆಯಲ್ಲೇ ಚೆಂದದ್ದು. ಅವಸರ ಮಾಡಬೇಡಿ. ಚಂದಗುಳಿಯಲ್ಲಿ ಘಂಟೆ ಗಣಪತಿ ಗುಡಿ ಇದೆ. ಹರಕೆ ತೀರಿದವರು ಗಂಟೆ ಕಟ್ಟುತ್ತಾರೆ, ಎಲ್ಲಿ ನೋಡಿದರೂ ಗಂಟೆ. ಮುಂದೆ ಕವಡಿಕೆರೆ. ಮಾಗೋಡಿನಲ್ಲಿ ಬೇಡ್ತಿ ಸುಮಾರು 200 ಮೀಟರ್ ಇಳಿಯುತ್ತದೆ. ಹತ್ತಿರದ ಜೇನುಕಲ್ಲು ಗುಡ್ಡದಿಂದ ಸಂಜೆ ನೋಡಿದರೆ ಹೊಳೆ ಕಣಿವೆಯಲ್ಲಿ ಬಳುಕುತ್ತಾ ಪಶ್ಚಿಮಕ್ಕೆ ಹೋಗೋದು ಕಾಣುತ್ತದೆ. ನೀವು ಹೋಗಬೇಕಾದ ದಾರಿ ಅದೇ. ಆದರೆ ಅದರಲ್ಲಿ ಇಳಿಯೋಕೆ ಆಗೋದಿಲ್ಲ.

ಇಲ್ಲೇ ನಿಮ್ಮ ಯೋಜನೆ ಗಟ್ಟಿಯಾಗಬೇಕು. ಮಾಗೋಡಿನ ಕೆಳಗಿನ ಕೊರಕಲು ನಡೆಯುವ ಜಾಗ ಅಲ್ಲ. ಕಡಿದಾದ ಗೋಡೆ, ಪಾಚಿ ಹಿಡಿದ ಬಂಡೆ, ಆಳ ಗೊತ್ತಾಗದ ಗುಂಡಿ, ಫೋನ್ ಸಿಗ್ನಲ್ ಇಲ್ಲ. ಯಾರಾದರೂ ಕರೆದುಕೊಂಡು ಹೋಗುತ್ತೇನೆ ಅಂದರೂ ಒಪ್ಪಬೇಡಿ. ಹಾಗಂತ ಯಲ್ಲಾಪುರಕ್ಕೆ ವಾಪಸು ಬಂದು ಅರಬೈಲ್ ಘಟ್ಟದ ಹೆದ್ದಾರಿಯಲ್ಲಿ ನಡೆಯೋದೂ ಕ್ಷೇಮವಲ್ಲ. ಬಂದರು ಕಡೆಯ ಲಾರಿಗಳು ಸಾಲುಗಟ್ಟಿ ಇಳಿಯುತ್ತವೆ, ತಿರುವಿನಲ್ಲಿ ನಿಲ್ಲೋಕೆ ಅಂಚು ಇರೋದಿಲ್ಲ. ಘಟ್ಟ ಇಳಿಯುವ ಹಳೆ ಕಾಲುದಾರಿಗಳು ಇವೆ. ಊರವರು ಬಳಸುತ್ತಾರೆ. ಅವು ಮೀಸಲು ಅರಣ್ಯದ ಒಳಗೆ ಹೋಗುತ್ತವೆ. ಅದಕ್ಕೆ ಯಲ್ಲಾಪುರ ವಿಭಾಗದ ಉಪ ಅರಣ್ಯ ಸಂರಕ್ಷಣಾಧಿಕಾರಿ ಕಚೇರಿಗೆ ಅರ್ಜಿ ಕೊಡಿ. ಹೆಸರು, ವಯಸ್ಸು, ಆಧಾರ್ ಪ್ರತಿ, ದಿನ, ದಾರಿ ಎಲ್ಲಾ ಬರೆದು, ಊರಿನ ಒಬ್ಬರನ್ನು ಜೊತೆಗೆ ಕರೆದೊಯ್ಯುತ್ತೇವೆ ಅಂತ ಸೇರಿಸಿ. ಒಪ್ಪಿಗೆ ಸಿಕ್ಕರೆ ನಡೆಯಿರಿ. ಸಿಗದಿದ್ದರೆ ಯಲ್ಲಾಪುರದಲ್ಲಿ ಬಸ್ಸು ಹತ್ತಿ ಘಟ್ಟದ ಕೆಳಗಿನ ಗುಳ್ಳಾಪುರದಲ್ಲಿ ಇಳಿಯಿರಿ. ಆ ಒಂದು ತುಂಡಿಗೆ ಬಸ್ಸು ಹತ್ತಿದ್ದಕ್ಕೆ ನಡಿಗೆಯ ತೂಕ ಕಡಿಮೆ ಆಗೋದಿಲ್ಲ ಅಕ್ಕಾ. ಮಗಳು ಜೊತೆಗಿದ್ದಾಳೆ.

ಕೆಳಗಿನ ಕಣಿವೆ ಬಗ್ಗೆ ಇನ್ನೊಂದು. 2021ರ ಜುಲೈ ಮಳೆಯಲ್ಲಿ ನಮ್ಮ ತಾಲೂಕಿನ ಕಳಚೆಯಲ್ಲಿ ಗುಡ್ಡವೇ ಜಾರಿತು, ಗುಳ್ಳಾಪುರದ ಸೇತುವೆ ಹೊಳೆ ಪಾಲಾಯಿತು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಬಿದ್ದು ಗಂಗಾವಳಿಗೆ ಇಳಿದಿದ್ದು ಎಲ್ಲರಿಗೂ ಗೊತ್ತು. ಹಾಗಾಗಿ ಹಳೆ ನಕ್ಷೆ ನೋಡಿ ಇಲ್ಲಿ ಸೇತುವೆ ಇದೆ, ಇಲ್ಲಿ ದೋಣಿ ಇದೆ ಅಂತ ಲೆಕ್ಕ ಹಾಕಬೇಡಿ. ತೆಂಕು ದಂಡೆಗೆ ಎಲ್ಲಿ ದಾಟಬಹುದು ಅಂತ ಗುಳ್ಳಾಪುರ, ರಾಮನಗುಳಿಯ ಅಂಗಡಿಯಲ್ಲಿ ಕೇಳಿ. ತೆಂಕು ದಂಡೆಯ ಹಿಲ್ಲೂರು ಸೇರಿಬಿಟ್ಟರೆ ಅಲ್ಲಿಂದ ಗೋಕರ್ಣದ ಹತ್ತಿರದ ಮಾದನಗೇರಿಗೆ ರಸ್ತೆ ಇದೆ. ಹೆದ್ದಾರಿಯ ಗದ್ದಲ ಇಲ್ಲ.

ಉಳಿಯುವ ಬಗ್ಗೆ: ಕಾಡಿನಲ್ಲಿ ಡೇರೆ ಹಾಕುವ ಯೋಚನೆ ಬಿಡಿ. ಒಪ್ಪಿಗೆ ಇಲ್ಲದೆ ಅದು ತಪ್ಪು, ಬೆಂಕಿ ಹಾಕುವುದಂತೂ ಬೇಡವೇ ಬೇಡ. ಕಲಘಟಗಿ, ಯಲ್ಲಾಪುರದಲ್ಲಿ ಲಾಡ್ಜ್ ಇವೆ. ಮಾಗೋಡು ಕಡೆ ಹೋಮ್‌ಸ್ಟೇ ಸಿಗುತ್ತವೆ. ಉಳಿದ ಕಡೆ ಹಿಂದಿನ ದಿನವೇ ಫೋನ್ ಮಾಡಿ ಮನೆ ಗೊತ್ತು ಮಾಡಿಕೊಳ್ಳಬೇಕು. ನಮ್ಮ ಕಡೆ ಒಬ್ಬರ ಮನೆಯಲ್ಲಿ ಆಸರಿಗೆ (ದಣಿವಾರಿಸೋಕೆ ಕೊಡುವ ಪಾನೀಯ) ಕುಡಿದರೆ ಮುಂದಿನ ಊರಿನ ಮನೆ ಅವರೇ ಹೇಳುತ್ತಾರೆ.

ಗದುಗಿನ ಗುಡ್ಡದವ

ಅಕ್ಕಾರೇ, ದಾರಿ ಬಗ್ಗೆ ಮಾಣಿಯವರು ಹೇಳಿದ ಮೇಲೆ ನನಗೆ ಹೇಳೋಕೆ ಏನೂ ಉಳಿದಿಲ್ಲ. ನಾನು ಶಾಲೆಯಲ್ಲಿ ಆಟದ ಮಾಸ್ತರ. ತಯಾರಿ ಬಗ್ಗೆ ಮಾತ್ರ ಬರೆಯುತ್ತೇನೆ.

ಕೆಲಗೇರಿ ಕೆರೆ ನಡಿಗೆ ಒಳ್ಳೆಯದು, ಆದರೆ ಅದು ಸಪಾಟು ನೆಲ, ಬರಿ ಬೆನ್ನು. ಈಗಿನಿಂದ ಚೀಲ ಹೊತ್ತು ನಡೆಯಿರಿ. ಮೊದಲ ವಾರ ಮೂರು ಕಿಲೋ ಜೋಳ ಹಾಕಿಕೊಳ್ಳಿ, ನಿಧಾನಕ್ಕೆ ಎಂಟು ಕಿಲೋಗೆ ಏರಿಸಿ. ಹೊರಡುವ ದಿನವೂ ಎಂಟರ ಮೇಲೆ ಹೋಗಬಾರದು. ಹಾಕಿಕೊಂಡು ಹೋಗುವ ಶೂ ಈಗಲೇ ತಗೊಂಡು ಪಳಗಿಸಿ. ಹೊಸ ಶೂ ಹಾಕಿ ಹೊರಟವರಿಗೆ ಎರಡನೇ ದಿನವೇ ಗುಳ್ಳೆ ಏಳುತ್ತದೆ. ಕಾಲು ಉರಿ ಅನ್ನಿಸಿದ ಕೂಡಲೇ ಕೂತು, ಕಾಲುಚೀಲ ತೆಗೆದು, ಆ ಜಾಗಕ್ಕೆ ಟೇಪ್ ಹಚ್ಚಿ. ಗುಳ್ಳೆ ಎದ್ದ ಮೇಲೆ ಹಚ್ಚಿದರೆ ಉಪಯೋಗ ಕಡಿಮೆ.

ಮಂಡಿ ನೋಯೋದು ಏರುವಾಗ ಅಲ್ಲ, ಇಳಿಯುವಾಗ. ಅದಕ್ಕೆ ಗುಡ್ಡ ಬೇಕು. ಹುಬ್ಬಳ್ಳಿಯ ನೃಪತುಂಗ ಬೆಟ್ಟ ಹತ್ತಿ ಇಳಿಯಿರಿ. ಒಂದು ಭಾನುವಾರ ನಮ್ಮ ಕಪ್ಪತಗುಡ್ಡಕ್ಕೂ ಬನ್ನಿ. 2019ರಲ್ಲಿ ಅದು ವನ್ಯಜೀವಿ ಧಾಮ ಆಗಿದೆ, ಕಂಡಕಂಡಲ್ಲಿ ನುಗ್ಗೋಕೆ ಬರೋದಿಲ್ಲ. ಕಪ್ಪತಮಲ್ಲಯ್ಯನ ಗುಡಿಗೆ ಭಕ್ತರು ಹೋಗುವ ದಾರಿ ಸಾಕು. ಔಷಧಿ ಗಿಡಗಳಿಗೆ ಹೆಸರಾದ ಗುಡ್ಡ, ನಿಮ್ಮ ಮಗಳು ಬಿ.ಎಸ್‌ಸಿ. ಅಂದಿರಿ, ಆಕೆಗೆ ಹಿಡಿಸುತ್ತದೆ. ಮೂರೂ ಜನ ಒಟ್ಟಿಗೆ ಬನ್ನಿ. ಯಾರು ಬೇಗ ನಡೆಯುತ್ತಾರೆ, ಯಾರಿಗೆ ಎಷ್ಟು ಹೊತ್ತಿಗೆ ಹಸಿವು, ಯಾರು ಸುಸ್ತಾದರೂ ಹೇಳೋದಿಲ್ಲ ಅನ್ನೋದು ಅವತ್ತೇ ಗೊತ್ತಾಗುತ್ತದೆ. ಕಾಡಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಮುಂದೆ ಇರಬೇಕು, ಇದನ್ನು ಮಾತ್ರ ಬಿಡಬೇಡಿ.

ದಿನಕ್ಕೆ 15 ಕಿ.ಮೀ. ಸಾಕು. ನಾಲ್ಕು ದಿನಕ್ಕೊಮ್ಮೆ ಪೂರ್ತಿ ವಿಶ್ರಾಂತಿ ಇಟ್ಟುಕೊಳ್ಳಿ.

ಕುಮಟಾ ಹುಡುಗಿ (ಹುಬ್ಬಳ್ಳಿಯಲ್ಲಿ ನರ್ಸ್)

ಅಕ್ಕಾ, ನಾನು ಎರಡು ವಿಷಯ ಹೇಳುತ್ತೇನೆ. ಒಂದು ಉಣುಗು, ಇನ್ನೊಂದು ಸಮುದ್ರ.

ಮಂಗನ ಕಾಯಿಲೆ ಹರಡೋದು ಕಾಡಿನ ಉಣುಗಿನಿಂದ. ಮೊದಲು ಗೊತ್ತಾಗಿದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಈಗ ನಮ್ಮ ಜಿಲ್ಲೆಯಲ್ಲೂ ಇದೆ, ಸಿದ್ದಾಪುರದ ಕಡೆ 2024ರಲ್ಲಿ ಜೀವವೂ ಹೋಗಿದೆ. ಡಿಸೆಂಬರಿನಿಂದ ಮೇ ತನಕ ಇದರ ಕಾಲ, ಬೇಸಿಗೆ ಹತ್ತಿರವಾದಂತೆ ಜಾಸ್ತಿ. ಹಳೆ ಲಸಿಕೆ ಕೊಡೋದನ್ನು ನಿಲ್ಲಿಸಿದ್ದಾರೆ. ಆದ್ದರಿಂದ ಕಚ್ಚಿಸಿಕೊಳ್ಳದಿರುವುದೇ ದಾರಿ. ನೀವು ನವೆಂಬರ್ ಕೊನೆಯೊಳಗೆ ಕಾಡು ದಾಟಿಬಿಟ್ಟರೆ ಒಳ್ಳೆಯದು. ತುಂಬು ತೋಳು, ಉದ್ದ ಪ್ಯಾಂಟು, ಪ್ಯಾಂಟಿನ ತುದಿ ಕಾಲುಚೀಲದ ಒಳಗೆ. ತರಗೆಲೆ ಮೇಲೆ ಕೂರಬೇಡಿ, ಸಣ್ಣ ತಾಡಪತ್ರಿ ಹಾಸಿಕೊಳ್ಳಿ. ಕಾಡಿಗೆ ಹೋಗುವವರಿಗೆ ಮೈಗೆ ಹಚ್ಚಿಕೊಳ್ಳೋಕೆ ಡೇಪಾ ಎಣ್ಣೆ ಅಂತ ಆರೋಗ್ಯ ಇಲಾಖೆ ಕೊಡುತ್ತದೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಸಂಜೆ ಬಿಸಿನೀರಿನಲ್ಲಿ ಮೈ ತೊಳೆದು, ಕಂಕುಳು, ಕಿವಿ ಹಿಂದೆ, ಮಂಡಿ ಸಂದು ನೋಡಿಕೊಳ್ಳಿ. ವಾಪಸು ಬಂದ ಎರಡು ವಾರದೊಳಗೆ ಜ್ವರ, ತಲೆನೋವು ಬಂದರೆ ಡಾಕ್ಟರಿಗೆ ಮೊದಲು ಹೇಳಬೇಕಾದ ಮಾತು "ಕಾಡಿಗೆ ಹೋಗಿದ್ದೆ" ಅಂತ. ಇಂಬಳ (ರಕ್ತ ಹೀರುವ ಜಿಗಣೆ) ಬೇರೆ, ಅದಕ್ಕೆ ಹೆದರಬೇಡಿ. ಉಪ್ಪು ಇಟ್ಟರೆ ಬಿಡುತ್ತದೆ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟೋದು, ಕೊಯ್ಯೋದು ಬೇಡ. ಅಲ್ಲಾಡಿಸದೆ ಹತ್ತಿರದ ತಾಲೂಕು ಆಸ್ಪತ್ರೆಗೆ ಸೇರಿಸಬೇಕು, 108ಕ್ಕೆ ಕರೆ ಮಾಡಬೇಕು. ಕುಡಿಯುವ ನೀರು ಮನೆಗಳ ಬಾವಿಯದ್ದಾದರೂ ಕುದಿಸಿಕೊಂಡೇ ತುಂಬಿ.

ಇನ್ನು ಸಮುದ್ರ. ಗಂಗಾವಳಿ ಊರಿನ ಅಳಿವೆಯಿಂದ ದುಬ್ಬನಸಶಿ ಮೇಲೆ ಗೋಕರ್ಣದ ತನಕ ಮರಳಿನಲ್ಲೇ ನಡೆಯಬಹುದು. ಇಳಿತದ ಹೊತ್ತಿಗೆ ನಡೆಯಿರಿ. ಆಗ ನೀರಂಚಿನ ಮರಳು ಗಟ್ಟಿ ಇರುತ್ತದೆ, ಕಾಲು ಹೂತುಹೋಗೋದಿಲ್ಲ. ಉಬ್ಬರ ಇಳಿತ ಸುಮಾರು ಆರು ಗಂಟೆಗೊಮ್ಮೆ ಬದಲಾಗುತ್ತವೆ, ದಿನದಿನಕ್ಕೆ ಮುಕ್ಕಾಲು ಗಂಟೆಗೂ ಜಾಸ್ತಿ ತಡವಾಗುತ್ತವೆ. ಹುಣ್ಣಿಮೆ, ಅಮಾವಾಸ್ಯೆಗೆ ಉಬ್ಬರ ಜೋರು. ಇವತ್ತಿನ ಇಳಿತ ಎಷ್ಟು ಹೊತ್ತಿಗೆ ಅಂತ ಯಾವ ಮೀನುಗಾರರನ್ನು ಕೇಳಿದರೂ ಹೇಳುತ್ತಾರೆ.

ಅಳಿವೆ ಬಾಯಲ್ಲಿ ಮಾತ್ರ ನೀರಿಗೆ ಇಳಿಯಬೇಡಿ. ಹೊಳೆ ನೀರು ಹೊರಗೆ, ಸಮುದ್ರ ಒಳಗೆ ನುಗ್ಗುವ ಜಾಗ ಅದು, ಮೇಲೆ ಶಾಂತ ಕಂಡರೂ ಸೆಳೆತ ಇರುತ್ತದೆ. ಶಕ್ತಿ ಉಳಿದಿದ್ದರೆ ಗೋಕರ್ಣದಿಂದ ಮುಂದೆ ಕುಡ್ಲೆ, ಓಂ, ಹಾಫ್ ಮೂನ್ ದಡಗಳನ್ನೂ ನೋಡಿ. ನಡುವೆ ಗುಡ್ಡದ ಮೇಲಿನ ಕಾಲುದಾರಿಯಲ್ಲೇ ದಾಟಿ, ಕೆಳಗಿನ ಒದ್ದೆ ಬಂಡೆ ಮೇಲೆ ಅಲ್ಲ. ಅಲ್ಲಿ ಕಾಲು ಜಾರಿ ಸತ್ತವರಿದ್ದಾರೆ. ಇನ್ನೂ ಮುಂದೆ ತದಡಿಯಲ್ಲಿ ದೋಣಿ ಹತ್ತಿದರೆ ಅಘನಾಶಿನಿ ಊರು. ಆ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ, ಸೇರಿದೆ, ಗದುಗಿನ ಮಾಗಡಿ ಕೆರೆಯೂ ಅದೇ ಸಲ ಸೇರಿತು. ಹೆಂಗಸರು ನೀರಿನಲ್ಲಿ ಕೂತು ಬಳಚು (ಚಿಪ್ಪಿನ ಮೀನು) ಆರಿಸೋದು ಕಾಣುತ್ತದೆ.

ಹ್ಞಾಂ, ರೊಟ್ಟಿ ಖಂಡಿತ ಮೆತ್ತಗಾಗುತ್ತದೆ. ನಮ್ಮ ಕಡೆ ಹಪ್ಪಳವೇ ಡಬ್ಬಿಯಿಂದ ತೆಗೆದ ಅರ್ಧ ಗಂಟೆಗೆ ಬಗ್ಗುತ್ತದೆ.

ರೊಟ್ಟಿ ಅಕ್ಕ, ಧಾರವಾಡ

ಮೂವರಿಗೂ ಕೈ ಮುಗಿಯುತ್ತೇನೆ. ರಾತ್ರಿ ಮಗಳು ಓದಿ ಹೇಳಿದಳು, ತಮ್ಮನೂ ಫೋನಿನಲ್ಲಿ ಕೇಳಿದ. ಸೂಪಾ ನೀರಿನ ಮಾತು ಕೇಳಿ ಅವನು ಕಾಳಿ ಆಸೆ ಬಿಟ್ಟ. ಕೆಳಗಿನ ಊರಿಗೆ ಗೊತ್ತಾಗದಂತೆ ನೀರು ಏರೋದು ಅಂದರೇನು ಅಂತ ಕರೆಂಟಿನ ಕೆಲಸದವನಿಗೆ ಹೇಳಬೇಕಾಗಿಲ್ಲ.

ಬಸ್ಸಿನ ವಿಷಯಕ್ಕೆ ನನಗೆ ಸ್ವಲ್ಪ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಮಾಣಿಯವರ ಮಾತು ನ್ಯಾಯದ್ದು. ಯಲ್ಲಾಪುರ ಕಚೇರಿಗೆ ಅರ್ಜಿ ಕೊಡುತ್ತೇನೆ. ದಸರಾ ಹೊತ್ತಿಗೆ ಉತ್ತರ ಬಾರದಿದ್ದರೆ ಅರಬೈಲ್ ಘಟ್ಟ ಬಸ್ಸಿನಲ್ಲೇ. ಅದನ್ನು ಘಟ್ಟದ ಬಾಯಿಗೆ ಹೋಗಿ ನಿಂತು ತೀರ್ಮಾನ ಮಾಡುವ ಮಾತಿಲ್ಲ, ಇಲ್ಲೇ ಮುಗಿಸಿ ಹೊರಡೋದು.

ದಿನದ ಲೆಕ್ಕ ಹೀಗೆ ಹಾಕಿದ್ದೇವೆ. ದೀಪಾವಳಿ ಪಾಡ್ಯ ಮುಗಿದ ಮೂರನೇ ದಿನ ಸೋಮೇಶ್ವರದಿಂದ ಹೊರಡೋದು. ಕಾಡು ಮತ್ತು ಘಟ್ಟ ನವೆಂಬರಿನಲ್ಲೇ ಮುಗಿಯಬೇಕು. ಯಲ್ಲಾಪುರದಲ್ಲಿ ಒಂದು ದಿನ ಪೂರಾ ವಿಶ್ರಾಂತಿ. ರೊಟ್ಟಿ ಯಲ್ಲಾಪುರದ ತನಕ ಸಾಕಾಗುವಷ್ಟು ಮಾತ್ರ ಹೊರುತ್ತೇವೆ. ಕೆಳಗೆ ಅವಲಕ್ಕಿ, ಬೆಲ್ಲ, ಹಿಂಡಿ, ಮತ್ತೆ ಉಳಿದುಕೊಂಡ ಮನೆಯ ಅನ್ನ ಸಾರು. ಮನೆಯವರಿಗೆ ಸುಮ್ನೆ ಹೊರೆಯಾಗಬಾರದು ಅಂತ ಹಿಂಡಿಯ ಪೊಟ್ಟಣ ಕಟ್ಟಿಕೊಂಡು ಹೋಗುತ್ತೇನೆ, ಮನೆಗೊಂದು.

ಒಂದೇ ಪ್ರಶ್ನೆ ಉಳಿದಿದೆ. ಮಗಳು ಸರ್ವೆ ಆಫ್ ಇಂಡಿಯಾದ ನಕ್ಷೆ ಕಂಪ್ಯೂಟರಿನಲ್ಲಿ ಪುಕ್ಕಟೆ ಇಳಿಸಿಕೊಂಡಿದ್ದಾಳೆ, 1:50,000 ಅಳತೆಯದ್ದು. ಅದು ಸಾಕಾ, ಇಲ್ಲ ಫೋನಿನ ನಕ್ಷೆಯೂ ಬೇಕಾ?

ಮಂಚಿಕೇರಿ ಮಾಣಿ

ಎರಡೂ ಇರಲಿ ಅಕ್ಕಾ. ಸರ್ವೆ ನಕ್ಷೆಯಲ್ಲಿ ಗುಡ್ಡದ ಏರಿಳಿತದ ಗೆರೆ, ಹಳ್ಳ, ಕಾಲುದಾರಿ ಚೆನ್ನಾಗಿ ಕಾಣುತ್ತವೆ. ಗೆರೆಗಳು ಒತ್ತೊತ್ತಾಗಿ ಇದ್ದ ಕಡೆ ಇಳಿಜಾರು ಕಡಿದು ಅಂತ ಮಗಳಿಗೆ ಗೊತ್ತಿರುತ್ತದೆ. ಅದನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಪ್ಲಾಸ್ಟಿಕ್ ಚೀಲದಲ್ಲಿ ಇಡಿ. ಫೋನಿನ ನಕ್ಷೆಯನ್ನು ನೆಟ್ ಇಲ್ಲದೆಯೂ ತೆರೆಯುವಂತೆ ಮನೆಯಲ್ಲೇ ಇಳಿಸಿಕೊಳ್ಳಿ, ಕಾಡಿನಲ್ಲಿ ಫ್ಲೈಟ್ ಮೋಡಿಗೆ ಹಾಕಿ. ಸಿಗ್ನಲ್ ಹುಡುಕುತ್ತಾ ಬ್ಯಾಟರಿ ಬೇಗ ಹೋಗುತ್ತದೆ. ಮೂವರಲ್ಲಿ ಒಬ್ಬರ ಹತ್ತಿರ ಬಿ.ಎಸ್.ಎನ್.ಎಲ್. ಸಿಮ್ ಇರಲಿ. ದಿನಾ ಸಂಜೆ ಎಲ್ಲಿ ತಲುಪಿದಿರಿ ಅಂತ ಧಾರವಾಡದಲ್ಲಿ ಒಬ್ಬರಿಗೆ ತಿಳಿಸಿ. ರಾತ್ರಿ ಎಂಟರ ತನಕ ಸುದ್ದಿ ಬಾರದಿದ್ದರೆ ಯಾರಿಗೆ ಫೋನ್ ಮಾಡಬೇಕು ಅನ್ನೋದನ್ನೂ ಅವರಿಗೆ ಬರೆದುಕೊಡಿ, ಆ ದಿನದ ಊರಿನ ಮನೆಯ ನಂಬರ್ ಸಮೇತ.

ಮಂಚಿಕೇರಿ ಕಡೆ ಬಂದರೆ ಉಳಿಯೋದು ನಮ್ಮ ಮನೆಯಲ್ಲೇ. ಆಯಿಗೆ ಹೇಳಿ ಇಟ್ಟಿದ್ದೇನೆ. ಮೆಸೇಜಿನಲ್ಲಿ ದಾರಿ ಕಳಿಸುತ್ತೇನೆ.